ಮತಗಟ್ಟೆಯಲ್ಲಿ ಒಡಪು

ಮತದ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿದವರಿಗೆ ನನ್ನ ಪರಿಚಯವಿರಲಿಲ್ಲ. ಇದ್ದಿದ್ದರೆ ಇನ್ನೊಮ್ಮೆ ಯೋಚಿಸುತ್ತಿದ್ದರು. ತೊಂಬತ್ತರ ದಶಕದ ಆ ಚುನಾವಣೆಯಲ್ಲಿ ನನ್ನದು ಮೊದಲ ಮತ; ಅವ್ವನದೂ ಮೊದಲನೆಯದೇ. ಕಲಬುರ್ಗಿ ಕಡೆಯಿಂದ ಪುಣೆಯ ಭೋಸರಿಗೆ ಬಂದು ಹದಿನೈದು ವರ್ಷ ಇಟ್ಟಿಗೆ ಹೊತ್ತ ಮೇಲೆ ಅವಳ ಹೆಸರು ಪಟ್ಟಿಗೆ ಏರಿತ್ತು. ತಲೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು ಹೊರಟಿದ್ದಳು.

ಆಗಷ್ಟೇ ಫೋಟೊ ಇರುವ ಗುರುತಿನ ಚೀಟಿ ಬಂದಿತ್ತು. ಫೋಟೊದವನ ಎದುರು ಅವ್ವ ಸೆರಗನ್ನು ಮೂಗಿನ ತನಕ ಎಳೆದುಕೊಂಡಿದ್ದಳು. ಚೀಟಿಯಲ್ಲಿ ಸೆರಗಿತ್ತು, ಮೂಗುತಿ ಇತ್ತು, ಅವ್ವ ಇರಲಿಲ್ಲ.

ಮತಗಟ್ಟೆಯ ಅಧಿಕಾರಿ ಚೀಟಿ ನೋಡಿ, ಅವ್ವನನ್ನು ನೋಡಿ, ಮರಾಠಿಯಲ್ಲಿ ಕೇಳಿದರು: "ಗಂಡನ ಹೆಸರೇನು? ನೀವೇ ಹೇಳಬೇಕು."

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಂದ ತೆಗೆಯುವುದಿಲ್ಲ. ಮದುವೆಮನೆಯಲ್ಲಿ, ಪದ್ಯದೊಳಗೆ ಸೇರಿಸಿ ಒಡಪು ಹೇಳಿದರೆ ಮಾತ್ರ ಉಂಟು. ಅವ್ವ ಗಂಡಸರ ಸಾಲಿನತ್ತ ಕೈ ತೋರಿಸಿದಳು. "ಅಲ್ಲೇ ನಿಂತಾರಲ್ರಿ, ಅವರನ್ನ ಕೇಳ್ರಿ."

ಅಪ್ಪ ಅಲ್ಲಿಂದಲೇ ತನ್ನ ಹೆಸರು ಕೂಗಿದ.

"ನಿಮ್ಮ ಹೆಸರು ನಿಮಗೆ ಗೊತ್ತಿರುತ್ತೆ. ಇವರಿಗೆ ಗೊತ್ತಾ?" ಎಂದರು ಅಧಿಕಾರಿ. ಹೇಳದಿದ್ದರೆ ಮತವಿಲ್ಲ, ಮನೆಗೆ ಹೋಗಿ ಎಂದರು.

ಮರಾಠಿ ಮಾತಾಡಲೆಂದು ಅವ್ವ ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದಳು. ಓಣಿಯವರೆಲ್ಲರ ದನಿ ಅಣಕಿಸಿ ಬೈಸಿಕೊಳ್ಳುವುದೇ ನನ್ನ ಕಸುಬು. ಅವಳ ಬೆನ್ನ ಹಿಂದೆ ಬಗ್ಗಿ, ಅವಳ ದನಿಯಲ್ಲೇ ಅಪ್ಪನ ಹೆಸರು ಹೇಳಿಬಿಟ್ಟೆ. ಅಧಿಕಾರಿ ಪೆನ್ನೆತ್ತಿದರು.

"ನಾ ಅಂದಿಲ್ಲರಿ!" ಅವ್ವ ಚೀರಿದಳು. "ಈ ಭಾಡ್ಯಾ ಅಂದಾನ! ಮಂದಿ ಏನಂದಾರು?"

ನನ್ನ ಬೆನ್ನಿಗೊಂದು ಬಿತ್ತು. ಅಧಿಕಾರಿ ನನ್ನನ್ನು ಗಂಡಸರ ಸಾಲಿನ ಕೊನೆಗೆ ಅಟ್ಟಿ, ಪೆನ್ನು ಕೆಳಗಿಟ್ಟರು.

ಶಾಯಿ ಹಚ್ಚಲು ಕೂತಿದ್ದ ಟೀಚರಮ್ಮ, "ಉಖಾಣಾ ಘ್ಯಾ, ತಾಯಿ" ಎಂದರು. ಒಡಪು ಹೇಳಿ ಎನ್ನುವುದಕ್ಕೆ ಮರಾಠಿಯವರು ಹೇಳುವುದು ಹಾಗೆ. ಅವ್ವ ಗಂಟಲು ಸರಿಮಾಡಿಕೊಂಡಳು.

"ಕಾರ್ಖಾನಿ ಭೋಂಗಾ ಕೂಗಿದ್ರ ಓಡತಾರ ಮಂದಿ,
…ಅವರ ಹೆಸರಿಗಾಗಿ ಮಾಡ್ಯಾರ ನನ್ನ ಬಂದಿ!"

ಆ ಚುಕ್ಕಿಗಳ ಜಾಗದಲ್ಲಿ ಅಪ್ಪ ಇದ್ದಾನೆ. ಬರೆದರೆ ಇನ್ನೊಂದು ಏಟು. ಕನ್ನಡ ಬಾರದ ಅಧಿಕಾರಿಗೆ ಹೆಸರಂತೂ ಕೇಳಿಸಿತು. ಗುರುತು ಬಿತ್ತು, ಮತವೂ ಬಿತ್ತು.

ಹಿಂದಿದ್ದ ಹೆಂಗಸರಿಗೆಲ್ಲ ಹುರುಪು ಬಂತು. ಒಬ್ಬೊಬ್ಬರೂ ಒಡಪು. ಸಾಲು ಗೇಟು ದಾಟಿತು. ಅಷ್ಟರಲ್ಲಿ ಹೋಟೆಲು ನಡೆಸುವ ಮಂಗಳೂರು ಕಡೆಯ ಅಕ್ಕ ಗಂಡನ ಹೆಸರನ್ನು ಸಪ್ಪಗೆ, ಸುಮ್ಮನೆ ಹೇಳಿಬಿಟ್ಟರು. ಬಾಗಿಲಲ್ಲಿ ಶಾಯಿ ಒಣಗಿಸುತ್ತ ನಿಂತಿದ್ದ ಅವ್ವ ಒಪ್ಪಲಿಲ್ಲ.

"ಹಂಗ ನಡ್ಯಂಗಿಲ್ಲರಿ! ನಾವೆಲ್ಲಾ ಹುಚ್ಚರೇನು?"

ಅಧಿಕಾರಿ ಪೆನ್ನು ಕೆಳಗಿಟ್ಟು, ಕೈಕಟ್ಟಿ ಕೂತು, ಆ ಅಕ್ಕನತ್ತ ತಿರುಗಿದರು. "ಘ್ಯಾ ತಾಯಿ, ಉಖಾಣಾ ಘ್ಯಾ."