ತಿಂಗಳಿಗೊಂದು ಪೂಜೆ ಸಾಕು ಅಂದ ಇನಾಸಣ್ಣ

ಇನಾಸಣ್ಣನ ಮೇಲೆ ನಂಗೆ ಇವತ್ತಿಗೂ ಸಿಟ್ಟೈತೆ. ಹೆಂಡ್ತಿ ಸತ್ತು ಇನ್ನೂ ತಿಂಗ್ಳು ತುಂಬಿಲ್ಲ, ಅಂಥೋನ ಮೇಲೆ ಸಿಟ್ಟು ಮಾಡ್ಕೋಬಾರ್ದು ಅಂತ ಗೊತ್ತು. ಆದ್ರೂ ಐತೆ.

ನಾನು ಮೃತ್ಯುಂಜಯ. ಹೊಂಗಡಹಳ್ಳದ ಕಡೆ ಒಂದು ಕಾಫಿ ಎಸ್ಟೇಟಲ್ಲಿ ರೈಟರ್, ಆಳುಗಳ ಹಾಜರಿ ಬರಿಯೋನು. ಇನಾಸಣ್ಣ ಅದೇ ಎಸ್ಟೇಟಲ್ಲಿ ನಲವತ್ತು ವರ್ಷ ಕಾಫಿ ಹಣ್ಣು ಸುಲಿಯೋ ಮಿಷನ್ ನೋಡ್ಕೊಂಡೋನು. ಆಳುಗಳ ಲೈನ್ ಮನೆಗಳ ಹಿಂದೆ ದಿಣ್ಣೆ ಮೇಲೆ ಒಂದು ಹೆಂಚಿನ ಚರ್ಚ್ ಐತೆ, ಐವತ್ತು ಜನ ಕೂತ್ರೆ ತುಂಬಿಹೋಯ್ತು. ದಿನಾ ಮೂರು ಹೊತ್ತು ಅಲ್ಲಿ ಗಂಟೆ ಹೊಡಿಯೋನು ಅವನೇ. ಯಾವ ದೇವರಿಗೆ ಕೈ ಮುಗಿಯೋ ಆಳಾದ್ರೂ ಸರಿ, ಇನಾಸಣ್ಣನ ಹನ್ನೆರಡರ ಗಂಟೆ ಕೇಳಿದ್ಮೇಲೇ ಬುತ್ತಿ ಬಿಚ್ಚೋದು.

ಬಾಯಿ ಜೋರು ಅವನದು. ಮ್ಯಾನೇಜರ್‌ಗೇ ಎದುರುತ್ತರ ಕೊಟ್ಟೋನು, ನನ್ನ ಹತ್ರ ವಾರಕ್ಕೊಂದು ಜಗಳ ಆಡಿದೋನು. ಆದ್ರೆ ಫಾದರ್ ಕಂಡ್ರೆ ಮುಗೀತು. ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಕೈ ಕಟ್ಕೊಂಡು ನಿಂತುಬುಡೋನು. ಫಾದರ್ ಮುಂದೆ 'ಇಲ್ಲ' ಅನ್ನೋ ಮಾತು ಅವನ ಬಾಯಿಂದ ಬಂದದ್ದು ನಾ ಕಾಣೆ.

ಹನ್ನೊಂದು ವರ್ಷದಿಂದ ಇಲ್ಲೇ ಇದ್ದ ಫಾದರ್ ವಲೇರಿಯನ್‌ನ ಹೋದ ವರ್ಷ ಐರ್ಲೆಂಡಿಗೆ ಕಳಿಸ್ತೀವಿ ಅಂದ್ರು ಮೇಲಿನೋರು. ಒಂದು ಕಾಲದಲ್ಲಿ ಲೋಕಕ್ಕೆಲ್ಲ ಪಾದ್ರಿಗಳನ್ನ ಕಳಿಸ್ತಿದ್ದ ದೇಶವಂತೆ ಅದು. ಈಗ ಅಲ್ಲಿ ಪಾದ್ರಿ ಆಗೋಕೆ ಯಾರೂ ಬರಲ್ಲ, ಉಳಿದೋರೆಲ್ಲ ಮುದುಕರು. ದೊಡ್ಡ ಫಾದರ್ ಒಬ್ರು ಇಲ್ಲಿಗೆ ಬಂದು, "ಬೇರೆ ಚರ್ಚಿನ ಫಾದರ್ ತಿಂಗಳಿಗೊಂದ್ಸಲ ಬಂದು ಪೂಜೆ ಮಾಡಿದ್ರೆ ಸಾಕಾ ಇನಾಸಣ್ಣ?" ಅಂತ ಕೇಳಿದ್ರು. ಹಿಂದೆ ನಿಂತಿದ್ದ ಅವನ ಹೆಂಡ್ತಿ ಕಾರ್ಮಿನ್ ಬಾಯಿ ಅವನ ಅಂಗಿ ಹಿಡಿದು ಜಗ್ಗಿದ್ಲು. ನಾನೇ ನೋಡಿದೀನಿ.

"ಸಾಕು ಫಾದರ್, ಧಾರಾಳ ಆಯ್ತು," ಅಂದ.

ಬೀಳ್ಕೊಡುಗೆಗೆ ತನ್ನ ಹಿತ್ತಲ ಸೇವಂತಿಗೇನೇ ಕಿತ್ತು ಹಾರ ಕಟ್ಟಿದ. ನಮ್ ಫಾದರ್ ಐರ್ಲೆಂಡಿಗೆ ಹೋಯ್ತಾರೆ ಅಂತ ಲೈನೆಲ್ಲ ಹೇಳ್ಕೊಂಡು ಬಂದ. ಮಾರನೇ ದಿನ ಕಾರ್ಮಿನ್ ಬಾಯಿ ನಾನಿದ್ದ ಸ್ಟೋರಿಗೆ ಬಂದು ಮೆಲ್ಲಗೆ ಅಂದ್ಲು: "ರೈಟ್ರೇ, ನನ್ನ ಎದೆ ಸರಿ ಇಲ್ಲ. ನಾ ಹೋಗುವಾಗ ಎಣ್ಣೆ ಹಚ್ಚೋರು ಯಾರು?"

ಅವರಲ್ಲಿ ಸಾಯೋರ ಹಣೆಗೆ, ಅಂಗೈಗೆ ಫಾದರ್ ಮಂತ್ರಿಸಿದ ಎಣ್ಣೆ ಹಚ್ಬೇಕು. ನಮ್ಮಲ್ಲಿ ಜಂಗಮ ಅಯ್ನೋರು ಬಂದು ತಲೆ ಮೇಲೆ ಪಾದ ಇಡಲ್ವಾ, ಹಂಗೆ. ಬೇರೆ ಯಾರೂ ಹಚ್ಚಂಗಿಲ್ಲ, ಜೀವ ಹೋದ್ಮೇಲೆ ಹಚ್ಚಂಗಿಲ್ಲ. ನನಗದು ಅರ್ಥ ಆಯ್ತು. ನಮ್ಮವ್ವ ಕುಂದೂರಲ್ಲಿ ಹಾಸಿಗೆ ಹಿಡಿದಾಗ ಒಬ್ಬ ಅಯ್ನೋರ್ನ ಹುಡ್ಕೊಂಡು ಮೂರು ಊರು ತಿರುಗಿದೋನು ನಾನು.

ಇನಾಸಣ್ಣಂದು ಬಟನ್ ಫೋನು. ಭಾನುವಾರ ನನ್ನ ಫೋನಲ್ಲಿ ಫಾದರ್ ಮುಖ ನೋಡೋಕೆ ಬರೋನು. ಎಂಟುನೂರು ಜನ ಹಿಡಿಯೋ ಚರ್ಚಲ್ಲಿ ಮೂವತ್ತು ನರೆತ ತಲೆ ಅಂತ ಫಾದರ್ ಹೇಳೋರು. ಅಲ್ಲಿನ ಜನಕ್ಕೆ ಮದುವೆನೂ ಚರ್ಚಿನ ಹೊರಗೆ, ಮಣ್ಣೂ ಹೊರಗೆ. "ತಪ್ಪು ನಮ್ಮ ಪಾದ್ರಿಗಳದ್ದೇ ಇನಾಸಣ್ಣ. ಮಕ್ಕಳಿಗೆ ಅನ್ಯಾಯ ಮಾಡಿದ್ರು, ದೊಡ್ಡೋರು ಮುಚ್ಚಿಟ್ರು. ಜನ ಹೆಂಗೆ ನಂಬ್ತಾರೆ?" ಇನಾಸಣ್ಣ ಇದನ್ನ ಕೇಳಿಸ್ಕೊಂಡು, ಊಟ ಆಯ್ತಾ ಫಾದರ್ ಅನ್ನೋನು. ನನಗೆ ಮೈ ಉರಿಯೋದು. ಬೇಡ ಅಂದೋರ ಬಾಗಿಲಿಗೆ ನಮ್ಮ ಫಾದರ್‌ನ ಯಾಕಪ್ಪ ಕಳಿಸಿದ್ರು?

ಈ ಜುಲೈಯಲ್ಲಿ ಕಾರ್ಮಿನ್ ಬಾಯಿನ ಆಸ್ಪತ್ರೆಯಿಂದ ಮನೆಗೆ ಕಳಿಸಿಬುಟ್ರು, ಇನ್ನೇನೂ ಮಾಡಂಗಿಲ್ಲ ಅಂತ. ಒಂದು ಬುಧವಾರ ಬೆಳಿಗ್ಗೆ ಉಸಿರು ಮೇಲೆ ಕೆಳಗೆ ಆಗೋಕೆ ಶುರುವಾಯ್ತು. ಪೂಜೆಗೆ ಬರೋ ಫಾದರ್‌ಗೆ ಫೋನ್ ಮಾಡಿದ್ರೆ ಅವರು ಮಂಗಳೂರಲ್ಲಿ, ಪಾದ್ರಿಗಳ ವರ್ಷದ ಧ್ಯಾನಕೂಟದಲ್ಲಿ. ತಕ್ಷಣ ಹೊರಟ್ರು, ಸುಳ್ಳು ಹೇಳಬಾರ್ದು. ಘಾಟಿ ದಾರೀಲಿ ದೋಣಿಗಲ್ ಹತ್ರ ಗುಡ್ಡ ಜರಿದು ಗಾಡಿಗಳೆಲ್ಲ ನಿಂತಿದ್ವು. ಅಕ್ಕಪಕ್ಕದ ಫಾದರ್‌ಗಳೂ ಅದೇ ಕೂಟಕ್ಕೆ ಹೋಗಿದ್ರು.

"ಫಾದರ್ ಬಂದ್ರಾ?" ಅಂತ ಅವಳು ಕೇಳಿದ್ದೇ ಕೇಳಿದ್ದು.

ಇನಾಸಣ್ಣ ಚರ್ಚಿಗೆ ಹೋಗಿ ಬೀರುವಿಂದ ಆ ಎಣ್ಣೆ ಸೀಸೆ ತಂದ, ಹೆಬ್ಬೆರಳಷ್ಟು. "ನೀನೇ ಹಚ್ಚು ಇನಾಸಣ್ಣ, ನಾನೇನು ಯಾರಿಗಾದ್ರೂ ಹೇಳ್ತೀನಾ?" ಅಂದೆ. ಅವನು ಮುಚ್ಚಳ ತೆಗೀಲಿಲ್ಲ.

"ನಾ ಹಚ್ಚಿದ್ರೆ ಅದು ಬರೀ ಎಣ್ಣೆ ರೈಟ್ರೇ."

ಐರ್ಲೆಂಡಿಗೆ ಫೋನ್ ಮಾಡಿದೆ. ಇಲ್ಲಿ ಹನ್ನೊಂದೂವರೆ, ಅಲ್ಲಿ ಬೆಳಿಗ್ಗೆ ಏಳು. ಫಾದರ್ ವಲೇರಿಯನ್ ಎದ್ದು ನಿಂತು ಪ್ರಾರ್ಥನೆ ಹೇಳಿದ್ರು. ಕಾರ್ಮಿನ್ ಬಾಯಿ ಫೋನ್ ನೋಡಿ ನಕ್ಕಂಗೆ ಮಾಡಿ, "ಎಣ್ಣೆ?" ಅಂದ್ಲು. ದೇವರಿಗೆ ನಿನ್ನ ಮನಸ್ಸು ಗೊತ್ತು ಬಾಯಿ, ಅಂದ್ರು ಫಾದರ್. ಅವಳು ಮುಖ ಬಾಗಿಲ ಕಡೆಗೆ ತಿರುಗಿಸ್ಕೊಂಡ್ಲು.

ನಾನು ಫೋನ್ ಹಿಡ್ಕೊಂಡು ಹೊರಗೆ ಬಂದೆ. ಫಾದರ್ ಜೇಬಿಂದ ಒಂದು ಸಣ್ಣ ಬೆಳ್ಳಿ ಡಬ್ಬಿ ತೆಗೆದು ತೋರಿಸಿದ್ರು. "ಎಣ್ಣೆ ಇದ್ರಲ್ಲೇ ಇದೆ ರೈಟ್ರೇ. ದಿನಾ ಜೇಬಲ್ಲಿ ಇಟ್ಕೊಂಡು ತಿರುಗ್ತೀನಿ. ಈ ವರ್ಷ ಬನ್ನಿ ಅಂತ ಕರೆದ ಮನೆ ಇನಾಸಣ್ಣಂದೊಂದೇ." ಅಷ್ಟು ಹೇಳಿ ಅತ್ತುಬುಟ್ರು.

ಮಧ್ಯಾಹ್ನ ಮೂರಕ್ಕೆ ಅವಳ ಜೀವ ಹೋಯ್ತು. ಮಂಗಳೂರಿಂದ ಹೊರಟಿದ್ದ ಫಾದರ್ ಬಂದಾಗ ಐದೂವರೆ. ಪ್ಯಾಂಟೆಲ್ಲ ಕೆಸರು, ಗುಡ್ಡ ಜರಿದ ಜಾಗ ನಡ್ಕೊಂಡೇ ದಾಟಿದ್ರಂತೆ. ಅವರನ್ನ ಬಯ್ಯೋಣ ಅಂದ್ರೆ ಬಾಯಿ ಬರ್ಲಿಲ್ಲ.

ಮಣ್ಣಾದ ಮಾರನೇ ದಿನ ಅವರು ಇನಾಸಣ್ಣನ ಪಕ್ಕ ಜಗಲಿ ಮೇಲೆ ಕೂತ್ರು. ನಾನೂ ಇದ್ದೆ. ಇನ್ನೂ ಇಬ್ಬರು ಫಾದರ್‌ಗಳನ್ನ ಹೊರದೇಶಕ್ಕೆ ಕೇಳಿದಾರೆ, ನನಗೀಗ ನಾಲ್ಕು ಚರ್ಚು, ಅಂತ ತಲೆ ತಗ್ಗಿಸ್ಕೊಂಡೇ ಹೇಳಿದ್ರು. "ಎರಡು ತಿಂಗಳಿಗೊಂದ್ಸಲ ಬಂದ್ರೆ ಆಗುತ್ತಾ ಇನಾಸಣ್ಣ?"

ನಾನು ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದೆ.

ಇನಾಸಣ್ಣ ಎದ್ದು ನಿಂತು ಕೈ ಕಟ್ಕೊಂಡ. "ಸಾಕು ಫಾದರ್," ಅಂದ.