ಬಿಸಿ ಬಂತಾ ಅತ್ತೆ?

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಈ ಮಹಾಶಯನನ್ನು ಹೆಸರು ಹಿಡಿದು ಕರೆದವರಿಲ್ಲ. ಬೀದಿಗೆಲ್ಲ ಅವನು ‘ಈಗ್ಹೇಗಿದೆ’. ಬೆಳಿಗ್ಗೆ ಷಟರ್ ಎತ್ತಿದ ಗಳಿಗೆಯಿಂದ ಸಂಜೆ ಇಳಿಸುವವರೆಗೆ ಅವನ ಬಾಯಲ್ಲಿ ಬರುವ ಮಾತೇ ಅದು. ಬಂದವರ ಮೂಗಿನ ಮೇಲೆ ಕಣ್ಣು ಪರೀಕ್ಷೆಯ ಭಾರವಾದ ಫ್ರೇಮು ಕೂರಿಸುವುದು, ಒಂದು ಗಾಜು ಹಾಕಿ "ಈಗ್ಹೇಗಿದೆ?" ಅನ್ನುವುದು, ಅದನ್ನು ತೆಗೆದು ಇನ್ನೊಂದು ಹಾಕಿ "ಈಗ?" ಅನ್ನುವುದು. ಗಿರಾಕಿ ಏನು ಹೇಳಿದರೂ ಅದೇ ಕೊನೆಯ ಮಾತು. ಒಮ್ಮೆ ಒಬ್ಬ ಗುಮಾಸ್ತ ಗೋಡೆಯ ಮೇಲಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಗಡಗಡನೆ ಒಪ್ಪಿಸಿದ. "ಎಲ್ಲಾ ಸೊಗಸಾಗಿ ಕಾಣುತ್ತೆ" ಎಂದು ಎದೆಯುಬ್ಬಿಸಿ ಹೊರಟವನು ಸೀದಾ ಗಾಜಿನ ಬಾಗಿಲಿಗೆ ಹೋಗಿ ಡಿಕ್ಕಿ ಹೊಡೆದ. ಆಗಲೂ ನಮ್ಮವನು ನಗಲಿಲ್ಲ. ಅವನನ್ನು ಎತ್ತಿ ಕೂರಿಸಿ, ಹಣೆ ಒರೆಸಿ, "ಈಗ್ಹೇಗಿದೆ?" ಎಂದು ಕೇಳಿದ.

"ಕಣ್ಣು ಅವರದು, ನೋಡೋರು ಅವರು. ನಡುವೆ ಅಲ್ಲ ಅನ್ನೋಕೆ ನಾನ್ಯಾರು?" ಎಂಬುದು ಅವನ ಸಿದ್ಧಾಂತ. ಈ ಸಿದ್ಧಾಂತ ಅಂಗಡಿಯಲ್ಲಿ ಅವನಿಗೆ ಅನ್ನ ಹಾಕಿತು. ಮನೆಯಲ್ಲಿ ಮಾತ್ರ ಅತ್ತೆಯವರು, ಅಂದರೆ ಹೆಂಡತಿಯ ತಾಯಿ, ಅದಕ್ಕೆ ಮೂರು ಕಾಸಿನ ಬೆಲೆ ಕೊಡಲಿಲ್ಲ.

ಅತ್ತೆ ವರ್ಷದಲ್ಲಿ ಅರ್ಧ ಭಾಗ ಮಗಳ ಮನೆಯಲ್ಲಿ, ಅರ್ಧ ಭಾಗ ಮಗನ ಮನೆಯಲ್ಲಿ ಇರತಕ್ಕದ್ದು ಎಂದು ಮಕ್ಕಳಿಬ್ಬರೂ ಫೋನಿನಲ್ಲೇ ತೀರ್ಮಾನಿಸಿದ್ದರು. ಅತ್ತೆಗೆ ಆಮೇಲೆ ತಿಳಿಸಲಾಯಿತು. ಮೊದಲ ಸರದಿ ಮಗಳದು. ಅವರು ಬಂದ ಮಾರನೆಯ ದಿನವೇ ಕಿಟಕಿ ಪಕ್ಕದ ಅಳಿಯನ ಕುರ್ಚಿ ಅವರದಾಯಿತು. ಆಮೇಲೆ, ಅಳಿಯ ಕೈಯಾರೆ ಮಾಡಿಕೊಟ್ಟ ಕನ್ನಡಕ ಹಾಕಿಕೊಂಡು "ಇನ್ನೂ ಮಸುಕು" ಅಂದರು. ಗಾಜು ಬದಲಾಯಿಸಿದ. "ಮಸುಕು." ಮತ್ತೆ ಬದಲಾಯಿಸಿದ. "ಮೊದಲಿನದೇ ವಾಸಿ ಇತ್ತು." ಊರಿನ ಕಣ್ಣುಗಳನ್ನೆಲ್ಲ ಸಮಾಧಾನ ಮಾಡಿದವನಿಗೆ ಮನೆಯೊಳಗಿನ ಎರಡು ಕಣ್ಣುಗಳು ನೀರು ಕುಡಿಸಿದವು. ಅವನು ಗೊಣಗುವುದು, ಅವರು ತಿರುಗೇಟು ಕೊಡುವುದು, ನಡುವೆ ಹೆಂಡತಿ ಪಾತ್ರೆ ಕುಕ್ಕುವುದು ದಿನಚರಿಯಾಗಿ ಹೋಯಿತು.

ಹೀಗಿರುವಾಗ ಮಗಳ ಸರದಿ ಮುಗಿಯಿತು. ನಮ್ಮ ಕನ್ನಡಕದವನು ಅಂದು ಅಂಗಡಿಯಲ್ಲಿ ಸಿಳ್ಳೆ ಹಾಕಿದನಂತೆ. ಆದರೆ ಹೆಂಡತಿಯ ಅಣ್ಣನ ಮನೆ ಇರುವುದು ಬೆಟ್ಟದ ಮೇಲಿನ ಊರಿನಲ್ಲಿ. ಇವನ ಹಳೆಯ ಕಾರು ಅತ್ತೆಯನ್ನು ಕೂರಿಸಿಕೊಂಡು ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಬುಸ್ಸೆಂದು ಕುದಿದು ನಿಂತಿತು. ತಣಿಸಿ, ತಿರುಗಿಸಿ, ಇಳಿಜಾರಿನಲ್ಲಿ ವಾಪಸು ತಂದ. ಮುಂದಿನ ಭಾನುವಾರ ಮತ್ತೆ ಹೊರಟ, ಅದೇ ತಿರುವಿನಲ್ಲಿ ಮತ್ತೆ ಕುದಿಯಿತು. ಅತ್ತೆ ಹಿಂದಿನ ಸೀಟಿನಲ್ಲಿ ಕೂತು ಎರಡು ಸಲವೂ ಒಂದೇ ಮಾತು ಹೇಳಿದರು: "ನಂಗೇನೂ ಅವಸರ ಇಲ್ಲಪ್ಪ."

ಬಸ್ಸಿನಲ್ಲಿ ಕಳಿಸೋಣವೆಂದರೆ ಅತ್ತೆಗೆ ಬಸ್ಸು ಹತ್ತಿದರೆ ವಾಂತಿ. ಬಾಡಿಗೆ ಕಾರು ಎಂದು ಬಾಯಿ ತೆರೆದದ್ದೇ ತಡ, ಹೆಂಡತಿ ಮೈಮೇಲೆ ಬಂದಳು. "ಸ್ವಂತ ಕಾರಿದ್ದೂ ನಮ್ಮಮ್ಮನ್ನ ಬಾಡಿಗೆ ಗಾಡೀಲಿ ಸಾಗಹಾಕ್ತೀರಾ?" ಭಾವನೇ ಇಳಿದು ಬಂದು ಕರೆದುಕೊಂಡು ಹೋಗಬಹುದಿತ್ತು. ಅವನ ಕಾರು ಕೇಳಿದಾಗಲೆಲ್ಲ ಸರ್ವೀಸಿಗೆ ಹೋಗಿರುತ್ತಿತ್ತು.

ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ತಲೆಯಾಡಿಸಿದ. "ಏನ್ ಸಾರ್, ಇಷ್ಟು ದಿನ ಬರೀ ನಲ್ಲಿ ನೀರೇ ಹಾಕಿದೀರಾ? ಒಳಗೆಲ್ಲಾ ತುಕ್ಕು. ತೊಳೆದು, ಎಂಜಿನ್ ತಣ್ಣಗಿಡೋ ಕೂಲೆಂಟ್ ಹಾಕ್ಬೇಕು. ಮುಂದಿನ ವಾರ ಬಿಟ್ಟು ಹೋಗಿ."

ಮುಂದಿನ ವಾರ! ಇನ್ನೊಂದು ವಾರ ಕುರ್ಚಿಯಿಲ್ಲದೆ ಇರುವುದು ತನ್ನಿಂದಾಗದು ಎಂದುಕೊಂಡ ಕನ್ನಡಕದವನು, ಆ ಕೆಲಸವನ್ನು ಮನೆಯಲ್ಲೇ ಮಾಡಿ ಮುಗಿಸುವುದಾಗಿ ಘೋಷಿಸಿದ. ಕೂಲೆಂಟ್ ಡಬ್ಬಿ ತಂದ, ಬ್ಯಾಟರಿಗೆ ಹಾಕುವ ಶುದ್ಧ ನೀರು ತಂದ. ಫೋನಿನಲ್ಲಿ ಒಂದು ವೀಡಿಯೊ ಹುಡುಕಿ ಮೂರು ಸಲ ನೋಡಿದ. ಅದರಲ್ಲಿದ್ದವನ ಭಾಷೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಕೈ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಭಾನುವಾರ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಕೆಲಸ ಶುರುವಾಯಿತು. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆಗೆದರೆ ಮುಖ ಬೇಯುತ್ತದೆ ಎಂಬುದು ವೀಡಿಯೊದವನು ಕುಣಿದು ತೋರಿಸಿದ್ದರಿಂದ ಅರ್ಥವಾಗಿತ್ತು. ಹೆಂಡತಿಯ ನೀಲಿ ಟಬ್ಬನ್ನು ಹೇಳದೆ ಕೇಳದೆ ಎತ್ತಿಕೊಂಡು ಬಂದು ಕಾರಿನ ಮೂತಿಯ ಕೆಳಗಿಟ್ಟ. ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ಅಂಗಾತ ಮಲಗಿ, ರೇಡಿಯೇಟರಿನ ತಳದ ತಿರುಪು ಬಿಚ್ಚಿದ. ಹಳೆಯ ನೀರು ಟಬ್ಬಿಗಿಂತ ಮೊದಲು ಅವನ ಅಂಗಿಯ ತೋಳಿಗೆ ಇಳಿಯಿತು. ಇಟ್ಟಿಗೆ ಪುಡಿ ಕಲಸಿದಂತಿತ್ತು ಅದರ ಬಣ್ಣ.

"ಅದು ನನ್ನ ಟಬ್ಬಲ್ವೇನ್ರೀ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮಮ್ಮನ ಪ್ರಯಾಣಕ್ಕೆ ಕಣೇ."

ಅವಳು ಸೀದಾ ಒಳಗೆ ಹೋಗಿ ತಾಯಿಯ ಬ್ಯಾಗು ತುಂಬತೊಡಗಿದಳು. ಇವನು ಟಬ್ಬಿನ ಮೇಲೆ ಹಲಗೆ ಮುಚ್ಚಿದ. ಆ ತುಕ್ಕು ನೀರು ವಿಷವಿದ್ದಂತೆ, ಪಕ್ಕದ ಮನೆಯ ಬೆಕ್ಕಿಗೆ ಸಿಕ್ಕಿದ್ದನ್ನೆಲ್ಲ ನೆಕ್ಕುವ ಚಟ.

ಒಳ್ಳೆಯ ನೀರು ತುಂಬಿಸಿ, ಎಂಜಿನ್ ಓಡಿಸಿ, ತಣಿಯಲು ಬಿಟ್ಟು, ಮತ್ತೆ ಖಾಲಿ ಮಾಡಿದ. ಎರಡನೆಯ ಸಲದ ನೀರು ಚಹಾದ ಬಣ್ಣಕ್ಕೆ ತಿರುಗಿತು, ಮೂರನೆಯದು ತಿಳಿಯಾಯಿತು. ಅವನಿಗೆ ತನ್ನ ಮೇಲೆ ತನಗೇ ಅಭಿಮಾನ ಉಕ್ಕಿ ಬಂತು. ಕೂಲೆಂಟನ್ನು ಶುದ್ಧ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ, ಗಿಣಿ ಹಸಿರಿನ ಆ ದ್ರವವನ್ನು ಚೂರೂ ಚೆಲ್ಲದಂತೆ ಸುರಿದ. ಇನ್ನುಳಿದಿದ್ದು ಕೊನೆಯ ಹಂತ. ಪೈಪುಗಳಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಬೆಟ್ಟದಲ್ಲಿ ಮತ್ತೆ ಕುದಿಯುತ್ತದೆ. ಗಾಳಿ ಪೂರ್ತಿ ಹೋಗಿದೆಯೇ ಎಂದು ತಿಳಿಯಲು ಎಂಜಿನ್ ಓಡಿಸಿ, ಕಾರಿನೊಳಗಿನ ಹೀಟರನ್ನು ಪೂರ್ತಿ ತಿರುಗಿಸಬೇಕು. ಒಳಗೆ ಬಿಸಿ ಗಾಳಿ ಬಂದರೆ ಕೆಲಸ ಆಯಿತು, ತಣ್ಣಗಿದ್ದರೆ ಆಗಿಲ್ಲ. ಅವನು ಬಾನೆಟ್ಟಿನ ಮುಂದೆ ನಿಂತು ಗುಳ್ಳೆ ನೋಡುತ್ತ ಕೂಲೆಂಟ್ ಸುರಿಯುತ್ತಿರಬೇಕಾದ್ದರಿಂದ, ಒಳಗೆ ಕೂತು ಹೇಳುವವರು ಯಾರಾದರೂ ಬೇಕಿತ್ತು.

ಅತ್ತೆ ಆಗಲೇ ಬೆಟ್ಟದ ಚಳಿಗೆಂದು ಸ್ವೆಟರ್ ಹಾಕಿ, ಶಾಲು ಹೊದ್ದು, ಕಾಲುಚೀಲ ಏರಿಸಿ ಜಗುಲಿಯಲ್ಲಿ ಸಿದ್ಧರಾಗಿ ಕೂತಿದ್ದರು.

"ಅತ್ತೆ, ಮುಂದಿನ ಸೀಟಲ್ಲಿ ಸ್ವಲ್ಪ ಕೂತ್ಕೊಳ್ತೀರಾ? ಗಾಜು ಏರಿಸಿರ್ಲಿ. ಬಿಸಿ ಗಾಳಿ ಬಂದ ತಕ್ಷಣ ಹೇಳ್ಬಿಡಿ, ಅಷ್ಟೇ."

"ಬಿಸಿ ಬಂದ್ರೆ ಹೊರಡೋದಾ?"

"ಬಂದ ತಕ್ಷಣ ಹೊರಡೋದು!" ಅಂದ ಅವನು, ಸಂತೋಷವನ್ನು ಮುಚ್ಚಿಡುವ ಗೋಜಿಗೂ ಹೋಗದೆ.

ಅತ್ತೆ ಹೋಗಿ ಕೂತರು. ಎಂಜಿನ್ ಗುರುಗುಟ್ಟಿತು. ಎತ್ತಿ ನಿಲ್ಲಿಸಿದ ಬಾನೆಟ್ ನಡುವೆ ಗೋಡೆಯಾಗಿ, ಅಳಿಯನಿಗೆ ಅತ್ತೆ ಕಾಣರು, ಅತ್ತೆಗೆ ಅಳಿಯ ಕಾಣ.

"ಬಿಸಿ ಬಂತಾ ಅತ್ತೆ?"

"ಇಲ್ಲಪ್ಪಾ."

ಕಾದ. ಗುಳ್ಳೆಗಳು ಬುಳಬುಳನೆ ಎದ್ದವು, ಕೂಲೆಂಟ್ ಒಂದಿಷ್ಟು ಇಳಿಯಿತು, ಮೇಲಷ್ಟು ಸುರಿದ. "ಈಗ?"

"ಊಹೂಂ."

ರಬ್ಬರ್ ಪೈಪನ್ನು ಹಿಸುಕಿದ. "ಹೋಗ್ಲಿ, ಈಗ?"

"ಮಂಜುಗಡ್ಡೆ ಇದ್ದ ಹಾಗಿದೆ."

ಮೇಲಿನ ಪೈಪು ಮುಟ್ಟಿದರೆ ಸುಡುತ್ತಿತ್ತು, ರೇಡಿಯೇಟರಿನ ಫ್ಯಾನು ತಾನಾಗಿ ತಿರುಗತೊಡಗಿತ್ತು, ಗುಳ್ಳೆಗಳೂ ನಿಂತಿದ್ದವು. ಹಾಗಿದ್ದೂ ಹೀಟರ್ ತಣ್ಣಗಿದೆಯೆಂದರೆ ಒಳಗೆಲ್ಲೋ ಗಾಳಿ ಅಡಗಿ ಕೂತಿದೆ ಎಂದೇ ಅರ್ಥ. ಅವನು ಕೀಲಿ ತಿರುಗಿಸಿ ಎಂಜಿನ್ ಆರಿಸುವಂತೆ ಅತ್ತೆಗೆ ಕೂಗಿ ಹೇಳಿ, ತಣಿಯುವವರೆಗೆ ಚಡಪಡಿಸಿ, ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಮಹಡಿಯಿಂದ ಹೇಳಿದಂತೆ ಮುಂದಿನ ಚಕ್ರಗಳನ್ನು ಗೇಟಿನ ಇಳಿಜಾರಿನ ಮೇಲೆ ಹತ್ತಿಸಿ ಕಾರಿನ ಮೂತಿ ಮೇಲೆ ಮಾಡಿದ. ಗಾಳಿ ಮೇಲಕ್ಕೆ ಬರಲೇಬೇಕಲ್ಲ! ಮತ್ತೆ ಓಡಿಸಿದ. ಮತ್ತೆ ಕೇಳಿದ. ಮತ್ತೆ ಇಲ್ಲ. ಇದ್ದ ಕೂಲೆಂಟನ್ನೆಲ್ಲ ತೊಳೆದ ಬಕೆಟ್ಟಿಗೆ ಬಸಿದು ಮೊದಲಿನಿಂದ ತುಂಬಿಸಿದ. ಮತ್ತೆ ಇಲ್ಲ. ಬೆಳಗಿನ ಬಿಸಿಲು ಹೋಗಿ ನಡುಹಗಲಿನ ಬಿಸಿಲು ಬಂತು. "ಅತ್ತೆ, ಸಾಕು ಬನ್ನಿ, ಸ್ವಲ್ಪ ಸುಧಾರಿಸ್ಕೊಳ್ಳಿ" ಎಂದು ಅವನು ಅಂದರೂ ಅವರು ಇಳಿಯಲಿಲ್ಲ. "ಪರವಾಗಿಲ್ಲ, ನೀವು ನೋಡಿ" ಎಂಬ ಉತ್ತರವಷ್ಟೇ ಬಂತು. ಜೀವಮಾನದಲ್ಲಿ ಮೊದಲ ಬಾರಿಗೆ ಅತ್ತೆ ತನಗೆ ಸಹಕಾರ ಕೊಡುತ್ತಿದ್ದಾರಲ್ಲ ಎಂದು ಅವನ ಮನಸ್ಸು ಕರಗಿತು.

ಹೆಂಡತಿ ಒಂದು ಚೊಂಬು ನೀರು ತಂದಳು. ಎಂಜಿನ್ ಓಡುತ್ತಲೇ ಇತ್ತು, ಗಂಡ ಗ್ರೀಸು ಮೆತ್ತಿದ ಮುಖ ಹೊತ್ತು ಮೆಟ್ಟಿಲ ಮೇಲೆ ಕುಸಿದು ಕೂತಿದ್ದ.

"ಬಿಸಿ ಬರ್ತಾನೇ ಇಲ್ಲ ಕಣೇ. ನನ್ನ ಕೈಲಾಗಲ್ಲ."

"ನೀವು ಒಳಗೆ ಕೈಯಿಟ್ಟು ನೋಡಿದ್ರಾ?"

ಅವನು ನೋಡಿರಲಿಲ್ಲ. ಇಷ್ಟು ಹೊತ್ತಿನಲ್ಲಿ ಒಂದು ಸಲವೂ ಅದು ಅವನಿಗೆ ಹೊಳೆದಿರಲಿಲ್ಲ. ಒಳಗೆ ಕೂತವರು ಇಲ್ಲ ಅಂದ ಮೇಲೆ ಇಲ್ಲ. ಗಿರಾಕಿಯ ಮೂಗಿನಿಂದ ಫ್ರೇಮು ಕಿತ್ತು ತಾನು ಹಾಕಿಕೊಂಡು ನೋಡುವ ಅಭ್ಯಾಸ ಅವನಿಗೆ ಎಲ್ಲಿಂದ ಬರಬೇಕು? ಹೆಂಡತಿ ಹಣೆ ಚಚ್ಚಿಕೊಂಡು, ಬ್ಯಾಗು ತರಲು ಒಳಗೆ ಹೋದಳು.

ಅವನು ಹೋಗಿ ಕಾರಿನ ಬಾಗಿಲು ತೆರೆದ. ಕುದಿಯುವ ಹಂಡೆಯ ಮುಚ್ಚಳ ಎತ್ತಿದಂತೆ ಝಳ ಮುಖಕ್ಕೆ ಹೊಡೆಯಿತು. ಗಾಳಿ ಬರುವ ಕಿಂಡಿಗೆ ಕೈಯೊಡ್ಡಿದವನು ಚುರ್ರೆಂದು ಹಿಂದಕ್ಕೆಳೆದುಕೊಂಡ. ಒಳಗೆ ಅತ್ತೆ ಸ್ವೆಟರು, ಶಾಲುಗಳ ನಡುವೆ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ, ಕೆಂಪೇರಿದ ಮುಖದಲ್ಲಿ, ಕೈಕಟ್ಟಿ ನೆಟ್ಟಗೆ ಕೂತಿದ್ದರು.

"ಅತ್ತೆ! ಇದು ಬಿಸಿ ಅಲ್ವಾ?"

ಅತ್ತೆ ಮುಂದಕ್ಕೇ ನೋಡುತ್ತ ಅಂದರು, "ಅಂಥದ್ದೇನೂ ಇಲ್ಲ."

ಅವನಿಗೆ ಪಿತ್ತ ನೆತ್ತಿಗೇರಿತು. ಬೆಳಗಿನಿಂದ ಬಸಿದದ್ದು, ಸುರಿದದ್ದು, ನೆಲದಲ್ಲಿ ಹೊರಳಿದ್ದು, ಪೋಸ್ಟ್‌ಮಾಸ್ಟರರ ಉಪದೇಶ, ಎಲ್ಲ ಒಟ್ಟಿಗೆ ಗಂಟಲಿಗೆ ಬಂದವು. "ಯಾಕತ್ತೆ ಹೀಗೆ ಸುಳ್ಳು ಹೇಳಿದ್ರಿ? ನಾನು ನಿಮಗೇನು ಮಾಡಿದೀನಿ?"

ಅತ್ತೆ ಸೆರಗಿನಿಂದ ಕತ್ತು ಒರೆಸಿಕೊಂಡರು. ಈಗ ಅವರ ದನಿಯಲ್ಲಿ ಮೊಂಡುತನ ಇರಲಿಲ್ಲ.

"ಬಿಸಿ ಬಂದ್ರೆ ಹೊರಡೋದು ಅಂದ್ರಲ್ಲ. ನಂಗೆ ಹೋಗೋಕೆ ಇಷ್ಟ ಇಲ್ಲ."

"ಯಾಕೆ? ಅಲ್ಲೇನಾದ್ರೂ ಅಂತಾರಾ?"

"ಏನೂ ಅನ್ನಲ್ಲ. ಹಿಂದೆ ಹೋಗಿದ್ದಾಗ ನೋಡಿದೀನಲ್ಲ, ಒಳ್ಳೆಯವರೇ ಪಾಪ. ಬೆಳಿಗ್ಗೆ ಟಿವಿ ಹಾಕಿ ಕೆಲಸಕ್ಕೆ ಹೋಗ್ತಾರೆ, ಸಂಜೆ ಬಂದು ಆರಿಸ್ತಾರೆ. ಕಾಲು ನೋವು ಅಂದ್ರೆ ‘ವಯಸ್ಸಾಯ್ತಲ್ಲಮ್ಮ’ ಅಂತಾನೆ ನನ್ನ ಮಗ, ಅಲ್ಲಿಗೆ ಮುಗೀತು." ಅವರು ಮೊದಲ ಸಲ ಅಳಿಯನ ಕಡೆ ತಿರುಗಿದರು. "ನೀವು ಸಿಡುಕರು. ಗೊಣಗ್ತೀರಿ. ಆದ್ರೆ ಗೊಣಗಿಕೊಂಡಾದ್ರೂ ಎದ್ದು ಬಂದು ನೋಡ್ತೀರಿ. ಇಲ್ಲಾದ್ರೆ ನನ್ನ ಜೊತೆ ಜಗಳ ಆಡೋಕೆ ಒಬ್ಬರಿದ್ದಾರೆ."

ಅವನಿಗೆ ನಾಚಿಕೆಯಾಯಿತು, ಅಯ್ಯೋ ಅನಿಸಿತು, ಅದರ ಮಧ್ಯೆಯೇ ಆ ಕುರ್ಚಿಯನ್ನು ನೆನೆದು ಹೊಟ್ಟೆಯೂ ಉರಿಯಿತು. ಅವನೇನು ದೇವರಲ್ಲ.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬೆಟ್ಟದ ಮೇಲಿನಿಂದ. "ಏನ್ ಭಾವ, ಗಾಡಿ ಸರಿಹೋಯ್ತಾ? ಹೊರಟ್ರಾ, ಇಲ್ವಾ?"

ಹೂಂ ಅಂದರೆ ಸಾಕಿತ್ತು. ಕಾರು ಸರಿಯಾಗಿತ್ತು, ಬ್ಯಾಗು ಸಿದ್ಧವಾಗಿತ್ತು, ಕತ್ತಲಾಗುವ ಮೊದಲೇ ಮನೆಗೆ ವಾಪಸು ಬಂದು ಕಿಟಕಿ ಪಕ್ಕ ಕಾಲು ಚಾಚಬಹುದಿತ್ತು. ಅವನು ಒಮ್ಮೆ ಆ ಕಿಟಕಿಯ ಕಡೆ ನೋಡಿದ.

"ಹೋಗೋರು ನಾನಲ್ಲವಲ್ಲ ಭಾವ. ಇಲ್ಲೇ ಕೂತಿದಾರೆ, ಅವರನ್ನೇ ಕೇಳಿ" ಎಂದು ಫೋನನ್ನು ಅತ್ತೆಯ ಕೈಗಿತ್ತ.

ಅತ್ತೆ ಅದನ್ನು ಕಿವಿಗೆ ಒತ್ತಿಕೊಂಡರು. "ಗಾಡಿಗೇನೂ ಆಗಿಲ್ಲ ಕಣೋ. ಚೆನ್ನಾಗಿ ತೊಳೆದು ರೆಡಿ ಮಾಡಿದಾರೆ. ನಾನೇ ಬರ್ತಿಲ್ಲ." ಆ ಕಡೆಯಿಂದ ಏನೋ ಉದ್ದಕ್ಕೆ ಹರಿದು ಬಂತು. "ಕೋಪ ಏನಿಲ್ಲಪ್ಪ. ನನ್ನ ನೋಡ್ಬೇಕು ಅನ್ಸಿದ್ರೆ ನೀನೇ ಬಾ. ನಿಂಗೆ ಇಳಿಜಾರು ತಾನೆ, ನಿನ್ನ ಗಾಡಿ ಕುದಿಯಲ್ಲ."

ಮೆಟ್ಟಿಲ ಮೇಲೆ ಹೆಂಡತಿ ತಾಯಿಯ ಬ್ಯಾಗು ಹಿಡಿದು ನಿಂತುಬಿಟ್ಟಿದ್ದಳು. ಗಂಡನ ಮುಖ ನೋಡಿದಳು. ಅವನು ಹೋಗುವುದು ಬೇಡವೆಂದು ತಲೆಯಾಡಿಸಿದ. ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡು ಬ್ಯಾಗನ್ನು ಒಳಗೆ ತೆಗೆದುಕೊಂಡು ಹೋದಳು.

ಅತ್ತೆ ಫೋನು ವಾಪಸು ಕೊಟ್ಟು, ಶಾಲು ಕಿತ್ತು ಹಿಂದಿನ ಸೀಟಿಗೆ ಎಸೆದರು.

"ಅಳಿಯಂದಿರೇ, ಮೊದಲು ಈ ದರಿದ್ರ ಗಾಳಿ ನಿಲ್ಲಿಸಿ. ಬೆಳಿಗ್ಗೆಯಿಂದ ಬೆಂದು ಹೋದೆ."