ಹಿಂದಿನ ಮನೆಯ ಲೈನು

ಮೊನ್ನೆ ಅಂಗಳದ ಚೇಂಬರಿನ ಮುಚ್ಚಳ ಎತ್ತಿಸಿದಾಗ ಒಂದು ವಾಸನೆ ಬಂತು. ಕೊಳಕಿನ ವಾಸನೆಯೇ ನಿಜ, ಆದರೆ ಅದರೊಳಗೆ ಸೋಪಿನ ನೊರೆ, ಕೊಳೆತ ಬಟ್ಟೆ, ಒದ್ದೆ ಸಿಮೆಂಟು ಎಲ್ಲ ಬೆರೆತಿದ್ದವು. ಬಚ್ಚಲ ನೀರು ಸರಿಯಾಗಿ ಹೋಗುತ್ತಿರಲಿಲ್ಲ. ನೆಲ ಒಡೆಸುವ ಮೊದಲು ಒಳಗೇನಾಗಿದೆಯೋ ನೋಡಿಸಿಬಿಡೋಣ ಎಂದು ಪೈಪಿನೊಳಗೆ ಕ್ಯಾಮೆರಾ ಬಿಟ್ಟು ಪರೀಕ್ಷೆ ಮಾಡುವವನನ್ನು ಕರೆಸಿದ್ದೆ. ಅವನು ಕೇಬಲ್ಲಿನ ಸುರುಳಿ ಬಿಚ್ಚುತ್ತಿದ್ದ. ಸೆರಗನ್ನು ಮೂಗಿಗೆ ಹಿಡಿದು ನಿಂತಿದ್ದ ನಾನು ಹಾಗೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಹಿಂದಿನ ಮನೆಯ ಅಕ್ಕ ನೆನಪಾಗಿದ್ದಳು...

ಮದುವೆಯಾಗಿ ಹೊಳೆನರಸೀಪುರದಿಂದ ಹಾಸನಕ್ಕೆ ಬಂದ ಹೊಸದರಲ್ಲಿ ನಾವು ಬಾಡಿಗೆ ಮನೆಯಲ್ಲಿದ್ದೆವು. ಓನರು ಒಂದೇ ಸೈಟಿನಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಎರಡು ಮನೆ ಕಟ್ಟಿಸಿದ್ದರು. ನಮ್ಮದು ರಸ್ತೆಯ ಕಡೆಗೆ, ಅಕ್ಕನದು ಹಿಂದಿನ ಸಂದಿಯ ಕಡೆಗೆ. ಸಂದಿಯಲ್ಲಿ ಒಳಚರಂಡಿ ಇರಲಿಲ್ಲವಾದ್ದರಿಂದ ಅವರ ಮನೆಯ ಪೈಪು ಗೋಡೆಯ ಬುಡದಲ್ಲಿ ತೂರಿ, ನಮ್ಮ ಪೈಪಿಗೆ ಸೇರಿಕೊಂಡು, ಎರಡೂ ಒಂದಾಗಿ ರಸ್ತೆಗೆ ಹೋಗುತ್ತಿದ್ದವು. ಅಲ್ಲಿಗೆ ಹೋದ ಮೇಲೂ ಎಷ್ಟೋ ದಿನ ಹಿಂದಿನ ಮನೆಯಲ್ಲಿ ಯಾರೂ ಇಲ್ಲವೆಂದೇ ತಿಳಿದಿದ್ದೆ. ಸಂದಿಯಲ್ಲಿ ಹಾದುಹೋಗುವಾಗಲೆಲ್ಲ ಬಾಗಿಲಿಗೆ ಬೀಗ ಕಾಣುತ್ತಿತ್ತು. ಆದರೆ ಮಧ್ಯಾಹ್ನದ ಹೊತ್ತು ಗೋಡೆಯಾಚೆ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

ಒಂದು ದಿನ ಲೈನು ಕಟ್ಟಿಕೊಂಡು ನಮ್ಮ ಬಚ್ಚಲಲ್ಲಿ ನೀರು ಉಕ್ಕಿತು. ಲೈನು ಬಿಡಿಸುವವರು ಬಂದು, ಹಿಂದಿನ ಮನೆಯ ಚೇಂಬರಿನಿಂದಲೇ ಬಿದಿರಿನ ದಬ್ಬೆ ಹಾಕಿ ನೂಕಬೇಕು ಎಂದರು. ಓನರು ಫೋನು ಮಾಡಿದ ಮೇಲೆ ಆ ಮನೆಯ ಯಜಮಾನ ಬಂದು ಬೀಗ ತೆಗೆದ. ಅಕ್ಕಿ ಗಿರಣಿಯೊಂದರಲ್ಲಿ ಮೇಲ್ವಿಚಾರಕನಾಗಿದ್ದ ಮನುಷ್ಯ. ಒಳಗಿನಿಂದ ಅಕ್ಕ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ತುಂಬು ಮೈ, ಹಣೆಯಲ್ಲಿ ಅಗಲ ಕುಂಕುಮ. ನನ್ನನ್ನು ನೋಡಿದವಳೇ ಎಷ್ಟೋ ಕಾಲದ ನೆಂಟರು ಬಂದಂತೆ ಕೈ ಹಿಡಿದುಕೊಂಡಳು.

"ಬಾ ಕಣೆ, ಒಳಿಕ್ ಬಾ. ಮುಂದಿನ್ ಮನೇಲಿ ಒಗ್ಗರಣೆ ಆಕಿದ್ ವಾಸ್ನೆ ಬತ್ತಿತ್ತು. ನೀನೇಯಾ ಅದು?"

ವಾಸನೆ ತಾಳದೆ ಅವಳ ಗಂಡ ಸಂದಿಯ ತುದಿಗೆ ಹೋಗಿ ಸಿಗರೇಟು ಹಚ್ಚಿದ. ಕೆಲಸ ಮುಗಿಯುವ ತನಕ ನಾವಿಬ್ಬರೂ ಹಿತ್ತಿಲ ಬಾಗಿಲಲ್ಲಿ ಕೂತು ಮಾತಾಡಿದೆವು. ಹಿತ್ತಿಲೆಂದರೆ ನಾಲ್ಕು ಗೋಡೆ, ಮೇಲೆ ಶೀಟು, ಒಂದು ಒಗೆಯುವ ಕಲ್ಲು. ಅವಳ ತವರು ದಂಡಿಗನಹಳ್ಳಿ. ಅಪ್ಪ ಅಮ್ಮ ಇಲ್ಲ, ಅಣ್ಣ ಇದ್ದಾನೆ. ಮಕ್ಕಳಾಗಿಲ್ಲ. ಬೀಗದ ವಿಷಯ ನಾನು ಕೇಳಲಾರದೆ ಕೇಳಿದಾಗ ಅವಳು ತಲೆ ತಗ್ಗಿಸಲಿಲ್ಲ.

"ಒಡೆಯಲ್ಲ, ಬಡಿಯಲ್ಲ ಕಣೆ. ವಾರವಾರ ಹೂವ ತತ್ತಾರೆ. ಕಾಲ ಸರಿಯಿಲ್ಲ, ಒಬ್ಳೇ ಇರ್ತೀಯ ಅಂತ ಬೀಗ ಆಕ್ಕೊಂಡ್ ಓಯ್ತಾರೆ. ಮದ್ವೆ ಆದ ವರ್ಷದಿಂದ್ಲೂ ಇಂಗೇಯ."

ಆಮೇಲೆ ಲೈನು ಮೇಲಿಂದ ಮೇಲೆ ಕಟ್ಟಿಕೊಳ್ಳತೊಡಗಿತು. ಪ್ರತಿ ಸಲವೂ ದಬ್ಬೆಯ ತುದಿಗೆ ಬಟ್ಟೆಯ ಚೂರು ಸಿಕ್ಕಿ ಬರುತ್ತಿತ್ತು. ಅದು ನಮ್ಮ ಮನೆಯದೇ ಎಂದು ಅವಳ ಗಂಡ ಓನರ ಹತ್ತಿರ ದೂರುತ್ತಿದ್ದ. ನನಗೂ ಬೇಸರವಾಗುತ್ತಿತ್ತು, ಬಚ್ಚಲು ತೊಳೆದೂ ತೊಳೆದೂ ಕೈ ಸೋಲುತ್ತಿತ್ತು. ಆದರೂ ನಿಜ ಹೇಳಬೇಕೆಂದರೆ, ನೀರು ಉಕ್ಕಿದಾಗ ಒಳಗೊಳಗೇ ಒಂದು ಖುಷಿ... ಇವತ್ತು ಅಕ್ಕ ಸಿಗುತ್ತಾಳೆ. ಅವಳು ನನಗೆ ಹುರುಳಿಕಟ್ಟಿನ ಸಾರು ಮಾಡುವುದನ್ನು ಹೇಳಿಕೊಟ್ಟಳು. ನಾನು ಅವಳಿಗೆ ಊರಿನ ಸುದ್ದಿ ಹೇಳುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಅಂಗಡಿಗಳಾಗಿರುವುದು, ಬೂವನಹಳ್ಳಿಯಲ್ಲಿ ವಿಮಾನ ಇಳಿಯುತ್ತದಂತೆ ಎನ್ನುವುದು, ಹೀಗೆ ಏನೇನೋ. ಹಾಸನದಲ್ಲೇ ಇದ್ದರೂ ಅವಳು ಹಾಸನ ನೋಡಿರಲಿಲ್ಲ. ಒಮ್ಮೆ ಅಣ್ಣನ ಫೋನ್ ನಂಬರನ್ನು ಬಾಯಲ್ಲೇ ಎರಡೆರಡು ಸಲ ಹೇಳಿ, "ಇರ್ಲಿ ಕಣೆ, ನಿನ್ ಫೋನಲ್ಲಿ ಇಟ್ಕೊಂಡಿರು" ಅಂದಳು.

ಕೊನೆಗೆ ಓನರಿಗೆ ಸಾಕಾಗಿ ಹೋಯಿತು. ಪೈಪು ಒಡೆದಿದೆಯೋ, ಬೇರು ನುಗ್ಗಿದೆಯೋ ಗೊತ್ತಾಗಲಿ ಎಂದು ಮೈಸೂರಿನಿಂದ ಕ್ಯಾಮೆರಾದವನನ್ನು ಕರೆಸಿದರು. ಅಂಥದ್ದೊಂದು ಇರುತ್ತದೆಂದು ನಮಗೆಲ್ಲ ಗೊತ್ತಾಗಿದ್ದೇ ಆಗ. ಮೊದಲು ನಮ್ಮ ಬಚ್ಚಲಿನಿಂದ ಬಿಟ್ಟು ನೋಡಿದ. ಆಮೇಲೆ ಎಲ್ಲರೂ ಹಿಂದಿನ ಮನೆಗೆ ಹೋದೆವು. ಒಗೆಯುವ ಕಲ್ಲಿನ ಮೇಲೆ ಪುಟ್ಟ ಪರದೆಯನ್ನಿಟ್ಟು ಕೇಬಲ್ಲನ್ನು ಚೇಂಬರಿಗೆ ಇಳಿಸಿದ. ಓನರು, ಅಕ್ಕನ ಗಂಡ, ನಾನು ಬಗ್ಗಿ ನೋಡುತ್ತಿದ್ದೆವು. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಪರದೆಯ ಮೇಲೆ ಕತ್ತಲ ಕೊಳವೆ, ತೊಟ್ಟಿಕ್ಕುವ ನೀರು, ಅಂಟಿದ ಕೊಳೆ... ಎರಡು ಪೈಪು ಸೇರುವ ಜಾಗದಲ್ಲಿ ಕ್ಯಾಮೆರಾ ನಿಂತಿತು. ಹಸಿರು ಬಣ್ಣದ ಬಟ್ಟೆಯ ಉಂಡೆಯೊಂದು ಅಡ್ಡ ಕೂತಿತ್ತು.

"ಪೈಪ್ ಎಲ್ಲೂ ಒಡೆದಿಲ್ಲ ಸಾ. ಮುಂದಿನ್ ಮನೇದು ಕ್ಲೀನಾಗ್ ಅದೆ. ಬಟ್ಟೆ ಬಂದಿರೋದು ಈ ಕಡೆಯಿಂದ್ಲೇ" ಅಂದ ಕ್ಯಾಮೆರಾದವನು. ಆಮೇಲೆ ಪರದೆಯನ್ನು ಇನ್ನಷ್ಟು ಹತ್ತಿರದಿಂದ ನೋಡಿ, "ತಾನಾಗ್ ಬಿದ್ದಿರೋದಲ್ಲ ಸಾ ಇದು. ಗಂಟು ಆಕವ್ರೆ" ಅಂದ.

ಅಕ್ಕನ ಗಂಡ ತಿರುಗಿದ. "ಯಾರೇ ಆಕಿದ್ದು?"

"ನಾನೇ ಆಕಿದ್ದು."

"ಯಾಕೆ?"

"ಕಟ್ಕಂಡ್ರೆ ಬಾಗ್ಲು ತೆಗೀತೀರಲ್ಲ, ಅದ್ಕೆ."

ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ಕ್ಯಾಮೆರಾದವನು ಯಾರೂ ಹೇಳದಿದ್ದರೂ ಕೇಬಲ್ಲನ್ನು ಹಿಂದಕ್ಕೆ ಎಳೆಯತೊಡಗಿದ. ಓನರು ಕೆಮ್ಮಿ ಗೋಡೆಯ ಕಡೆ ನೋಡಿದರು. ಅವಳ ಗಂಡ ನಕ್ಕು, "ಒಬ್ಳೇ ಇದ್ದೂ ಇದ್ದೂ ತಲೆ ಕೆಟ್ಟದೆ ಇವ್ಳಿಗೆ" ಅಂದ. ನನಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಬೀಗ ಯಾಕೆ ಹಾಕ್ತೀರಿ?" ಎಂದು ಕೇಳೇಬಿಟ್ಟೆ. ಅವನು ಬಹಳ ಮರ್ಯಾದೆಯಿಂದಲೇ ಹೇಳಿದ: "ಮೇಡಂ, ನಿಮ್ ಪೈಪು ಸರಿ ಅದೆ ಅಂತ ಗೊತ್ತಾಯ್ತಲ್ಲ?"

ಅದೇ ವಾರ ಅವನು ಸ್ವಂತ ಖರ್ಚಿನಲ್ಲಿ ಹಿತ್ತಿಲಲ್ಲೇ ತಮ್ಮ ಮನೆಯ ಕೊಳಚೆಗೆಂದು ಪಿಟ್ ಗುಂಡಿ ತೋಡಿಸಿದ. ನಮ್ಮ ಕಡೆಗೆ ಬರುತ್ತಿದ್ದ ಪೈಪಿನ ಬಾಯಿಗೆ ಸಿಮೆಂಟು ಮೆತ್ತಿಸಿದ. ಇನ್ನು ಕಟ್ಟಿಕೊಂಡರೂ ಅವರ ಮನೆಯೊಳಗೇ, ಉಕ್ಕಿದರೂ ಅವರ ಮನೆಯೊಳಗೇ. ಹೊರಗಿನವರು ಯಾರೂ ಹೋಗಬೇಕಾದ್ದೇ ಇಲ್ಲ. ಓನರಿಗೆ ಬಹಳ ಸಮಾಧಾನವಾಯಿತು. ನಮ್ಮ ಬಚ್ಚಲ ನೀರು ಗೊಳಗೊಳ ಸದ್ದು ಮಾಡುತ್ತ ಇಳಿದುಹೋಗತೊಡಗಿತು. ಆ ಸದ್ದು ಕೇಳಿದಾಗಲೆಲ್ಲ ನಾನು ಹಿಂದಿನ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಗೋಡೆಗೆ ಬಾಯಿ ಹಚ್ಚಿ ಕೂಗಿದರೆ ಒಮ್ಮೊಮ್ಮೆ ಆ ಕಡೆಯಿಂದ "ಇಲ್ಲೇ ಇವ್ನಿ ಕಣೆ" ಎನ್ನುವುದು ಕೇಳುತ್ತಿತ್ತು, ಒಮ್ಮೊಮ್ಮೆ ಇಲ್ಲ...

ಅವಳ ಅಣ್ಣನಿಗೆ ಫೋನು ಮಾಡಿದೆ. "ಉಣ್ಣಾಕೆ ಉಡಾಕೆ ಕಮ್ಮಿ ಮಾಡವ್ನಾ? ಸಂಸಾರ ಅಂದ್ಮ್ಯಾಲೆ ಇವೆಲ್ಲ ಇದ್ದದ್ದೇಯ ಕಣಮ್ಮ" ಎಂದ. ಆ ವರ್ಷವೇ ಅಕ್ಕನ ಗಂಡನಿಗೆ ಅರಕಲಗೂಡಿನ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಸಂದಿಯಲ್ಲಿ ಲಗೇಜು ಗಾಡಿಯ ಸದ್ದು ಕೇಳಿ ನಾನು ರಸ್ತೆ ಸುತ್ತಿ ಓಡುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು. ಅವತ್ತು ಮಾತ್ರ ಆ ಬಾಗಿಲು ಹಾರು ಹೊಡೆದಿತ್ತು.

ಮುಂದೆ ನೆಂಟರ ಮದುವೆಗೆಂದು ಅರಕಲಗೂಡಿಗೆ ಹೋದಾಗ ಗಿರಣಿಯಲ್ಲಿ ವಿಚಾರಿಸಿ ಮನೆ ಹುಡುಕಿದೆ. ಎದುರಿನ ಅಂಗಡಿಯವಳು, "ಆ ಮನೇಲಿ ಎಂಗಸ್ರು ಅವ್ರಾ? ನಾವ್ ಕಂಡೇ ಇಲ್ಲ" ಅಂದಳು. ಬೀಗ ಹಾಕಿದ ಬಾಗಿಲು ತಟ್ಟಿ, "ಅಕ್ಕಾ" ಎಂದು ಕೂಗಿದೆ. ಒಳಗಿನಿಂದ ಉತ್ತರ ಬಂತು.

"ದನಿಯಲ್ಲೇ ಗೊತ್ತಾಯ್ತು ಕಣೆ. ಚೆನ್ನಾಗಿದ್ದೀಯಾ?"

"ಅಕ್ಕಾ, ಬೀಗ ಒಡೆಸ್ತೀನಿ. ಪೊಲೀಸ್ನೋರ್ನ ಕರೀತೀನಿ. ಹೂಂ ಅನ್ನು."

"ಒಡ್ಸಿ ಎಲ್ಲಿಗ್ ಓಗ್ಲಿ? ಅಣ್ಣನ್ ಮನೆಗ್ ಓದ್ರೆ ಅವ್ನೇ ವಾಪಸ್ ತಂದ್ ಬುಟ್ಟೋಯ್ತಾನೆ."

"ನಮ್ಮನೆಗೆ ಬಾ."

ಒಳಗೆ ಅವಳು ನಕ್ಕಿದ್ದು ಕೇಳಿಸಿತು. "ಇಲ್ಲೂವೆ ಪಿಟ್ಟೇ ಕಣೆ. ನೀನು ಓಗು, ಅವ್ರು ಬರೋ ಒತ್ತಾಯ್ತು." ನಾನು ಬಾಗಿಲ ಮೇಲೆ ಕೈಯಿಟ್ಟೆ. ಒಳಗೆ ಅವಳೂ ಇಟ್ಟಿದ್ದಳೋ ಏನೋ, ಹಲಗೆ ಒಂದಿಷ್ಟು ಅಲುಗಿತು...

ಮದುವೆ ಮನೆಯಿಂದಲೇ ಅಣ್ಣನಿಗೆ ಮತ್ತೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಈ ಸಲ ಅವನು ಎದುರಾಡಲಿಲ್ಲ. "ಹಬ್ಬ ಕಳೀಲಿ ಕಣಮ್ಮ, ಓಗಿ ಕರ್ಕೊಂಬತ್ತೀನಿ" ಎಂದ. ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಅವನೇ ಫೋನು ಮಾಡಿದ. ಹೋಗಿ ಕರೆತರುವ ಮೊದಲೇ ಅಕ್ಕನಿಗೆ ಜ್ವರ ಬಂದಿತ್ತಂತೆ, ಹಗಲೆಲ್ಲ ಒಬ್ಬಳೇ ಬಿದ್ದಿದ್ದಳಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ಮಣ್ಣು ತವರಿನಲ್ಲೇ ಎಂದು ಹೇಳುತ್ತ ಫೋನಿನಲ್ಲಿ ಅವನು ಗಂಡಸೆಂಬುದನ್ನೂ ಮರೆತು ಅಳುತ್ತಿದ್ದ.

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿ ದಂಡಿಗನಹಳ್ಳಿಗೆ ಹೋದೆ. ತವರುಮನೆಯ ಮುಂದೆ, ಬೀದಿಯ ಪಕ್ಕದಲ್ಲೇ ಅಕ್ಕನನ್ನು ಮಲಗಿಸಿದ್ದರು. ಗಂಡ ತಲೆಯ ಮೇಲೆ ಟವೆಲು ಹಾಕಿಕೊಂಡು ಕುಳಿತಿದ್ದ. ಬಂದವರೆಲ್ಲ ಅವನ ಭುಜ ಮುಟ್ಟಿ ಸಮಾಧಾನ ಹೇಳುತ್ತಿದ್ದರು. ನಾನು ಅವನ ಕಡೆ ನೋಡಲಿಲ್ಲ. ಅಕ್ಕನ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಅವಳನ್ನು ಮನೆಯ ಹೊರಗೆ, ಬಿಸಿಲಿನಲ್ಲಿ ನಾನು ನೋಡಿದ್ದು ಅದೇ ಮೊದಲು.

"ಮೇಡಂ" ಎಂದು ಮೊನ್ನೆ ಬಂದವನು ಕರೆದಾಗ ಎಚ್ಚರವಾಯಿತು. ಚೇಂಬರಿನ ಹತ್ತಿರ ಪೈಪು ಸ್ವಲ್ಪ ಕುಸಿದಿದೆ, ಅಷ್ಟು ಭಾಗ ಬದಲಾಯಿಸಿದರೆ ಸಾಕು ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದ. ನೋಡಲು ಮನಸ್ಸಾಗಲಿಲ್ಲ. ಅವನು ಕೇಬಲ್ಲು ಸುತ್ತುತ್ತ, "ನಿಮ್ ಲೈನಿಗೆ ಬೇರೆ ಯಾವ್ದಾದ್ರೂ ಮನೇದು ಸೇರ್ತದಾ ಮೇಡಂ?" ಎಂದು ಕೇಳಿದ.

"ಇಲ್ಲಪ್ಪ" ಅಂದೆ. "ಈಗ ಯಾರದೂ ಇಲ್ಲ."